ಬೆನ್ನಿನ ಡೊಂಕಿಗೆ ಎಷ್ಟು ಡಿಗ್ರಿ?

ಬೆನ್ನುಮೂಳೆ ಪಕ್ಕಕ್ಕೆ ಬಾಗುತ್ತಿರುವುದು ಎಷ್ಟೋ ಮನೆಗಳಲ್ಲಿ ಮೊದಲು ತಿಳಿಯುವುದು ದರ್ಜಿಗೆ. ಲಂಗದ ಅಂಚು ಒಂದು ಕಡೆ ಮೇಲೇರಿರುತ್ತದೆ, ರವಿಕೆಯ ಒಂದು ಭುಜ ಜಾರುತ್ತಿರುತ್ತದೆ, ಯೂನಿಫಾರ್ಮಿನ ಸೊಂಟಪಟ್ಟಿ ಓರೆಯಾಗಿ ಕೂರುತ್ತದೆ. ಹೊಲಿಗೆಯದೇ ತಪ್ಪೆಂದು ಬಿಚ್ಚಿ ಹೊಲಿಸಿ, ಮತ್ತೂ ಸರಿಹೋಗದಿದ್ದಾಗ ಬಟ್ಟೆ ಬಿಟ್ಟು ಮೈಯನ್ನು ನೋಡುತ್ತಾರೆ. ಇಲ್ಲವೇ ಹಬ್ಬದ ದಿನ ಎಣ್ಣೆ ಹಚ್ಚುವ ಅಜ್ಜಿಯ ಕೈಗೆ ಒಂದು ಪಕ್ಕೆ ಉಬ್ಬಿರುವುದು ತಗಲುತ್ತದೆ. ಹತ್ತು ದಾಟಿದ ಹುಡುಗಿಯರು ಅಮ್ಮನ ಮುಂದೆಯೂ ಬೆನ್ನು ತೋರಿಸಲು ನಾಚುತ್ತಾರೆ. ಬಾಗು ಬೇಗ ಬೇಗ ಬೆಳೆಯುವುದೂ ಅದೇ ವಯಸ್ಸಿನಲ್ಲಿ. ಹೆಚ್ಚಿನವರಿಗೆ ನೋವಿರುವುದಿಲ್ಲ, ಹಾಗಾಗಿ ಮಗು ತಾನಾಗಿ ಬಂದು ಹೇಳುವುದೂ ಇಲ್ಲ.

ಆಮೇಲೆ ಆಸ್ಪತ್ರೆ, ಎಕ್ಸ್‌ರೇ, ಚೀಟಿಯ ಮೇಲೆ ಒಂದು ಅಂಕಿ. ಇಪ್ಪತ್ತನಾಲ್ಕು ಡಿಗ್ರಿ ಎಂದು ಬರೆದಿದ್ದರೆ ಅದು ಹೆಚ್ಚೋ ಕಡಿಮೆಯೋ? ಆರು ತಿಂಗಳ ನಂತರ ಇಪ್ಪತ್ತೇಳು ಬಂದರೆ ಜಾಸ್ತಿಯಾಯಿತೆಂದು ಗಾಬರಿಪಡಬೇಕೋ? ಆಪರೇಷನ್‌ವರೆಗಿನ ತೀರ್ಮಾನಗಳೆಲ್ಲ ಈ ಅಂಕಿಯ ಮೇಲೆ ನಿಲ್ಲುತ್ತವೆ. ಆದ್ದರಿಂದ ಅದನ್ನು ಹೇಗೆ ಅಳೆಯುತ್ತಾರೆ, ಎಷ್ಟು ನಂಬಬಹುದು ಎಂಬುದನ್ನು ತಂದೆತಾಯಿ ತಿಳಿದಿರುವುದು ಒಳ್ಳೆಯದು.

ಹಿಂದಿನಿಂದ ನೋಡಿದಾಗ ನೆಟ್ಟಗಿರಬೇಕಾದ ಬೆನ್ನುಮೂಳೆ 10 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಪಕ್ಕಕ್ಕೆ ಬಾಗಿ, ಜೊತೆಗೆ ತಿರುಚಿಕೊಂಡಿದ್ದರೆ ಅದಕ್ಕೆ ಸ್ಕೋಲಿಯೋಸಿಸ್ ಎನ್ನುತ್ತಾರೆ. ಹರೆಯದ ಮಕ್ಕಳಲ್ಲಿ ನೂರಕ್ಕೆ ಎರಡು ಮೂರು ಮಂದಿಗೆ ಇಷ್ಟು ಬಾಗು ಇರುತ್ತದೆ. ಸಣ್ಣ ಬಾಗು ಹುಡುಗರಲ್ಲೂ ಹುಡುಗಿಯರಲ್ಲೂ ಹೆಚ್ಚುಕಡಿಮೆ ಸಮಾನ; 30 ಡಿಗ್ರಿ ದಾಟಿದವರಲ್ಲಿ ಹುಡುಗಿಯರೇ ಬಹುಪಾಲು. ಹೆಚ್ಚಿನ ಮಕ್ಕಳಲ್ಲಿ ಇಂಥದೇ ಕಾರಣ ಎಂದು ತೋರಿಸಲು ಆಗುವುದಿಲ್ಲ. ಭಾರದ ಸ್ಕೂಲ್ ಬ್ಯಾಗ್, ವಕ್ರವಾಗಿ ಕೂತು ಓದುವುದು, ಮೊಬೈಲ್ ಹಿಡಿದು ಮಲಗುವುದು ಇವು ಯಾವುವೂ ಸ್ಕೋಲಿಯೋಸಿಸ್ ತರುವುದಿಲ್ಲ. ಬ್ಯಾಗಿನ ಭಾರ ಇಳಿಸಲು ಬೇರೆ ಕಾರಣಗಳು ಬೇಕಾದಷ್ಟಿವೆ, ಆದರೆ ಮಗುವನ್ನು ‘ನೀನು ನೆಟ್ಟಗೆ ಕೂರದೇ ಹೀಗಾಯಿತು’ ಎಂದು ಬೈಯುವುದು ಅನ್ಯಾಯ.

ಬಗ್ಗಿಸಿ ನೋಡುವ ಪರೀಕ್ಷೆ

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಸುಲಭ. ಮಗು ಬರಿಗಾಲಲ್ಲಿ ಪಾದ ಜೋಡಿಸಿ, ಮೊಣಕಾಲು ಮಡಚದೆ, ಎರಡೂ ಅಂಗೈ ಸೇರಿಸಿ ಕೈಗಳನ್ನು ಕೆಳಕ್ಕೆ ಇಳಿಬಿಟ್ಟು ನಿಧಾನವಾಗಿ ಮುಂದಕ್ಕೆ ಬಾಗಲಿ. ಸೂರ್ಯನಮಸ್ಕಾರ ಕಲಿತ ಮಕ್ಕಳಿಗೆ ಪಾದಹಸ್ತಾಸನದ ಅರ್ಧದವರೆಗೆ ಎಂದರೆ ಸಾಕು. ನೀವು ಹಿಂದೆ ಕುಕ್ಕರಗಾಲಲ್ಲಿ ಕೂತು, ಬೆನ್ನಿನ ಮಟ್ಟಕ್ಕೆ ಕಣ್ಣಿಟ್ಟು ನೋಡಿ. ಎದೆಭಾಗದಲ್ಲಿ ಒಂದು ಕಡೆಯ ಪಕ್ಕೆಲುಬು ಗುಡ್ಡದಂತೆ ಎದ್ದಿದೆಯೇ? ಇನ್ನಷ್ಟು ಬಾಗಿದಾಗ ಸೊಂಟದ ಮೇಲೆ ಒಂದು ಪಕ್ಕ ಉಬ್ಬಿದೆಯೇ? ನಿಂತಾಗ ಎರಡು ಭುಜ ಸಮವಿದೆಯೇ, ಒಂದು ಹಲಗೆಮೂಳೆ ಹೊರಚಾಚಿದೆಯೇ, ತೋಳು ಮತ್ತು ಸೊಂಟದ ನಡುವಿನ ಸಂದು ಎರಡೂ ಕಡೆ ಒಂದೇ ತೆರನಿದೆಯೇ ಎಂಬುದನ್ನೂ ಗಮನಿಸಿ. ಒಂದು ಕಾಲು ಸ್ವಲ್ಪ ಗಿಡ್ಡವಿದ್ದರೂ ಬೆನ್ನು ಓರೆಯಾಗಿ ಕಾಣುತ್ತದೆ. ಸ್ಟೂಲಿನ ಮೇಲೆ ಕೂರಿಸಿ ಬಗ್ಗಿಸಿದಾಗ ಆ ಓರೆ ಮಾಯವಾದರೆ ಬೆನ್ನಿನ ಬದಲು ಕಾಲಿನ ಉದ್ದ ಅಳೆಸಬೇಕು.

ಬಗ್ಗಿಸಿ ನೋಡುವುದೇಕೆ ಎಂಬುದರ ಹಿಂದೆ ಒಂದು ಕಥೆಯಿದೆ. ಇಗ್ವಾನೊಡಾನ್ ಎಂಬ ಡೈನೋಸಾರನ್ನು ಲೋಕಕ್ಕೆ ಪರಿಚಯಿಸಿದ ಇಂಗ್ಲೆಂಡಿನ ವೈದ್ಯ ಗಿಡಿಯನ್ ಮ್ಯಾಂಟೆಲ್ 1841ರಲ್ಲಿ ಗಾಡಿ ಅಪಘಾತಕ್ಕೆ ಸಿಕ್ಕಿದ. ಆಮೇಲೆ ಬದುಕಿನುದ್ದಕ್ಕೂ ಬೆನ್ನುನೋವು. ಸೊಂಟದ ಪಕ್ಕದಲ್ಲಿದ್ದ ಉಬ್ಬನ್ನು ಗಡ್ಡೆಯೆಂದು ತಿಳಿಯಲಾಗಿತ್ತು. 1852ರಲ್ಲಿ ಆತ ತೀರಿಕೊಂಡ ಮೇಲೆ ಶವಪರೀಕ್ಷೆ ನಡೆದಾಗ, ಗಡ್ಡೆಯೆಂದುಕೊಂಡದ್ದು ತಿರುಚಿ ಹೊರಕ್ಕೆ ತಳ್ಳಿಕೊಂಡಿದ್ದ ಕಶೇರುಮಣಿಗಳೇ ಎಂದು ಗೊತ್ತಾಯಿತು. ಆ ಬೆನ್ನುಮೂಳೆಯನ್ನು ಅಭ್ಯಸಿಸಿದವರಲ್ಲಿ ಒಬ್ಬ ವಿಲಿಯಂ ಆಡಮ್ಸ್ ಎಂಬ ಶಸ್ತ್ರವೈದ್ಯ. ಮುಂದಕ್ಕೆ ಬಗ್ಗಿಸಿ ನೋಡುವ ಪರೀಕ್ಷೆಗೆ ಇಂದಿಗೂ ಅವನದೇ ಹೆಸರು. ನೆಟ್ಟಗೆ ನಿಂತಾಗ ಅಡಗಿಕೊಳ್ಳುವ ತಿರುಚು ಬಾಗಿದಾಗ ಉಬ್ಬಾಗಿ ಮೇಲೆ ಬರುತ್ತದೆ.

ಈ ಉಬ್ಬನ್ನು ಅಂಕಿಯಲ್ಲಿ ಹೇಳುವ ಸಾಧನ ಸ್ಕೋಲಿಯೋಮೀಟರ್. ಗಾರೆಯವರ ಕೈಯಲ್ಲಿರುವ ರಸಮಟ್ಟದಂತೆಯೇ ಇದೂ: ಬಾಗಿದ ಕೊಳವೆಯೊಳಗೆ ಒಂದು ಗುಂಡು, ಕೆಳಗೆ ಡಿಗ್ರಿಯ ಗೆರೆಗಳು. ಬಾಗಿದ ಬೆನ್ನಿನ ಮೇಲೆ ಅಡ್ಡಲಾಗಿ ಇಟ್ಟರೆ ಬೆನ್ನು ಎಷ್ಟು ವಾಲಿದೆಯೋ ಗುಂಡು ಅಷ್ಟು ಸರಿಯುತ್ತದೆ. ಅಮೆರಿಕದ ವೈದ್ಯ ವಿಲಿಯಂ ಬನೆಲ್ 1984ರಲ್ಲಿ ಇದನ್ನು ಶಾಲಾ ತಪಾಸಣೆಗೆ ಅಳತೆಗೋಲಾಗಿ ಮುಂದಿಟ್ಟ. ಮೊಬೈಲಿನಲ್ಲಿರುವ ಮಟ್ಟ ನೋಡುವ ಆ್ಯಪ್ ಕೂಡ ಸ್ವಲ್ಪ ಜಾಣತನದಿಂದ ಬಳಸಿದರೆ ಇದೇ ಕೆಲಸ ಮಾಡುತ್ತದೆ. ಮೊದಲು ಸಮತಟ್ಟಾದ ಮೇಜಿನ ಮೇಲೆ ಸೊನ್ನೆ ತೋರಿಸುತ್ತದೆಯೇ ನೋಡಿ. ಆಮೇಲೆ ಫೋನನ್ನು ಅಡ್ಡಲಾಗಿ ಹಿಡಿದು, ಅದರ ಅಂಚಿಗೂ ಬೆನ್ನಿಗೂ ನಡುವೆ ಎರಡೂ ಕಡೆ ಹೆಬ್ಬೆರಳು ಇಟ್ಟುಕೊಳ್ಳಿ. ಬೆನ್ನ ನಡುವಿನ ಮೂಳೆಯ ಏಣಿಗೆ ಫೋನು ತಾಗಬಾರದು. ಕ್ಯಾಮೆರಾ ಉಬ್ಬಿರುವ ಹಿಂಬದಿಯನ್ನು ಬೆನ್ನಿನ ಮೇಲೆ ಮಲಗಿಸಿದರೆ ಲೆಕ್ಕ ತಪ್ಪುತ್ತದೆ. ಮೇಲಿನ ಬೆನ್ನು, ನಡು, ಸೊಂಟ ಮೂರೂ ಕಡೆ ಅಳೆದು ಅತಿ ಹೆಚ್ಚು ಬಂದದ್ದನ್ನು ಬರೆದಿಡಿ.

ನಾಲ್ಕರೊಳಗೆ ಬಂದರೆ ಚಿಂತೆ ಬೇಡ. ಐದು ಆರು ಬಂದರೆ ಮೂರು ನಾಲ್ಕು ತಿಂಗಳು ಬಿಟ್ಟು ಮತ್ತೆ ಅಳೆಯಿರಿ. ಏಳು ಅಥವಾ ಮೇಲಿದ್ದರೆ ಮೂಳೆ ವೈದ್ಯರನ್ನು ಕಾಣಬೇಕು. ಮೈತುಂಬಿಕೊಂಡ ಮಕ್ಕಳಲ್ಲಿ ಕೊಬ್ಬು ಉಬ್ಬನ್ನು ಮುಚ್ಚುವುದರಿಂದ ಐದಕ್ಕೇ ತೋರಿಸುವುದು ವಾಸಿ. ಇಲ್ಲಿ ಹಲವರು ಗೊಂದಲಕ್ಕೆ ಬೀಳುತ್ತಾರೆ: ಸ್ಕೋಲಿಯೋಮೀಟರಿನ 7 ಡಿಗ್ರಿ ಎಕ್ಸ್‌ರೇಯ 7 ಡಿಗ್ರಿ ಅಲ್ಲವೇ ಅಲ್ಲ. ಒಂದು ಬೆನ್ನಿನ ತಿರುಚನ್ನು ಹೇಳುತ್ತದೆ, ಇನ್ನೊಂದು ಮೂಳೆಯ ಬಾಗನ್ನು. ಸ್ಥೂಲವಾಗಿ ಮೊದಲನೆಯ 7 ಎರಡನೆಯ 20ರ ಆಸುಪಾಸು, ಅದೂ ಎಲ್ಲ ಮಕ್ಕಳಲ್ಲೂ ಹೊಂದುವುದಿಲ್ಲ.

ಎಕ್ಸ್‌ರೇಯ ಮೇಲೆ ಕಾಬ್ ಕೋನ

ಚೀಟಿಯಲ್ಲಿ ಬರುವ ಅಂಕಿ ‘ಕಾಬ್ ಆ್ಯಂಗಲ್’. ನ್ಯೂಯಾರ್ಕಿನ ಮೂಳೆ ವೈದ್ಯ ಜಾನ್ ರಾಬರ್ಟ್ ಕಾಬ್ 1948ರಲ್ಲಿ ವಿವರಿಸಿದ ವಿಧಾನವಿದು. 1966ರಲ್ಲಿ ಹುಟ್ಟಿದ ಸ್ಕೋಲಿಯೋಸಿಸ್ ರಿಸರ್ಚ್ ಸೊಸೈಟಿ ಇದನ್ನೇ ಎತ್ತಿಹಿಡಿದದ್ದರಿಂದ ಲೋಕವೆಲ್ಲ ಈಗ ಒಂದೇ ಭಾಷೆ ಆಡುತ್ತದೆ.

ಹೈಸ್ಕೂಲಿನ ರೇಖಾಗಣಿತ ನೆನಪಿದ್ದರೆ ಇದು ಅರ್ಥವಾಗುತ್ತದೆ. ಬಾಗಿನ ಮೇಲ್ಭಾಗದಲ್ಲಿ ಅತಿ ಹೆಚ್ಚು ಓರೆಯಾಗಿರುವ ಕಶೇರುಮಣಿಯನ್ನು ಗುರುತಿಸಿ ಅದರ ಮೇಲಂಚಿಗೆ ಒಂದು ಗೆರೆ ಎಳೆಯುತ್ತಾರೆ. ಕೆಳಭಾಗದಲ್ಲಿ ಹಾಗೆಯೇ ಅತಿ ಓರೆಯಾದ ಮಣಿಯ ಕೆಳಂಚಿಗೆ ಇನ್ನೊಂದು. ಎರಡು ಗೆರೆಗಳ ನಡುವಿನ ಕೋನವೇ ಕಾಬ್ ಕೋನ. ಬಾಗು ಸಣ್ಣದಿದ್ದರೆ ಗೆರೆಗಳು ಫಿಲ್ಮಿನ ಹೊರಗೆ ಎಲ್ಲೋ ಸೇರುವುದರಿಂದ, ಎರಡಕ್ಕೂ ಲಂಬ ಎಳೆದು ಆ ಲಂಬಗಳು ಕೂಡುವಲ್ಲಿ ಕೋನಮಾಪಕ ಇಡುತ್ತಿದ್ದರು. ಈಗ ಕಂಪ್ಯೂಟರ್ ಪರದೆಯ ಮೇಲೆ ಮೌಸಿನಿಂದ ಗೆರೆ ಎಳೆದರೆ ಅಂಕಿ ತಾನೇ ಬರುತ್ತದೆ. ಆದರೂ ಯಾವ ಮಣಿಯನ್ನು ಆರಿಸಬೇಕು ಎಂಬ ತೀರ್ಮಾನ ಬಹುತೇಕ ಕಡೆ ಮನುಷ್ಯನದೇ.

ರಿಪೋರ್ಟಿನಲ್ಲಿ ‘ಡಿ5–ಡಿ11, ಬಲಕ್ಕೆ, 32 ಡಿಗ್ರಿ’ ಎಂಬಂತೆ ಬರೆದಿರುತ್ತದೆ. ‘ಡಿ’ ಎಂದರೆ ಎದೆಭಾಗದ ಹನ್ನೆರಡು ಮಣಿಗಳು, ‘ಎಲ್’ ಎಂದರೆ ಸೊಂಟದ ಐದು. ಬಲಕ್ಕೆ ಎಂದರೆ ಬಾಗಿನ ಹೊರಮೈ ಬಲಗಡೆಗಿದೆ ಎಂದರ್ಥ. ಹರೆಯದ ಮಕ್ಕಳಲ್ಲಿ ಎದೆಭಾಗದ ಬಾಗು ಸಾಮಾನ್ಯವಾಗಿ ಬಲಕ್ಕೇ ಇರುತ್ತದೆ. ಎಡಕ್ಕಿದ್ದರೆ, ರಾತ್ರಿ ಎಬ್ಬಿಸುವಷ್ಟು ನೋವಿದ್ದರೆ, ಕಾಲಿನಲ್ಲಿ ಶಕ್ತಿ ಕುಂದಿದ್ದರೆ, ಸೊಂಟದ ನಡುವೆ ಕೂದಲ ಗೊಂಚಲು ಅಥವಾ ಮೈಮೇಲೆ ಹಲವು ಕಂದು ಮಚ್ಚೆಗಳಿದ್ದರೆ ವೈದ್ಯರು ಎಂಆರ್‌ಐ ಹೇಳುವುದು ಸಕಾರಣ. ಇವು ಬೆನ್ನುಹುರಿಯ ಅಥವಾ ಬೇರೆ ಕಾಯಿಲೆಯ ಸೂಚನೆ ಇರಬಹುದು. ಬಾಗು ಇಂಗ್ಲಿಷಿನ ‘ಎಸ್’ ಅಕ್ಷರದ ಹಾಗಿದ್ದರೆ ಅಂಕಿ ಎರಡು ಬರುತ್ತವೆ. ಹೋದ ಸಲ ಮೇಲಿನದನ್ನು, ಈ ಸಲ ಕೆಳಗಿನದನ್ನು ಹೋಲಿಸಿ ‘ಕಡಿಮೆಯಾಗಿದೆ’ ಎಂದು ಖುಷಿಪಟ್ಟ ಮನೆಗಳೂ ಇರುತ್ತವೆ.

ಐದು ಡಿಗ್ರಿಯ ಮಾತು

ಇಡೀ ಲೇಖನದಲ್ಲಿ ಒಂದೇ ಸಂಗತಿ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಒಂದೇ ಫಿಲ್ಮನ್ನು ಇಬ್ಬರು ಅನುಭವಿ ವೈದ್ಯರು ಅಳೆದರೆ 3ರಿಂದ 5 ಡಿಗ್ರಿ ವ್ಯತ್ಯಾಸ ಬರುವುದು ಸಹಜ. ಒಬ್ಬರೇ ಎರಡು ದಿನ ಅಳೆದರೂ ಅಂಕಿ ಸ್ವಲ್ಪ ಅತ್ತಿತ್ತ ಆಗುತ್ತದೆ. ಅದಕ್ಕೇ 5 ಡಿಗ್ರಿಗಿಂತ ಕಡಿಮೆ ಏರಿಳಿತವನ್ನು ತಜ್ಞರು ಬದಲಾವಣೆಯೆಂದು ಪರಿಗಣಿಸುವುದಿಲ್ಲ. ಇಪ್ಪತ್ತನಾಲ್ಕು ಇಪ್ಪತ್ತೇಳಾದರೆ ಬಾಗು ಹೆಚ್ಚಿರಬಹುದು, ಹಾಗೇ ಇರಬಹುದು. ಆ ಮೂರು ಡಿಗ್ರಿ ಏನನ್ನೂ ಹೇಳಲಾರದು. ಅದೇ ನ್ಯಾಯ ಇಳಿಕೆಗೂ ಸಲ್ಲುತ್ತದೆ. ‘ನಮ್ಮ ಚಿಕಿತ್ಸೆಯಿಂದ ಎರಡು ತಿಂಗಳಲ್ಲಿ ಮೂರು ಡಿಗ್ರಿ ಇಳಿಯಿತು’ ಎಂದು ಯಾರಾದರೂ ಹೇಳಿಕೊಂಡರೆ, ಅದಕ್ಕೆ ಕೊಟ್ಟ ದುಡ್ಡು ಅಳತೆಯ ತಪ್ಪಿಗೆ ಕೊಟ್ಟ ದುಡ್ಡೂ ಆಗಿರಬಹುದು.

ಅಳೆಯುವವರಷ್ಟೇ ಕಾರಣರಲ್ಲ, ಎಕ್ಸ್‌ರೇ ತೆಗೆದ ರೀತಿಯೂ ಅಂಕಿಯನ್ನು ಬದಲಿಸುತ್ತದೆ. ಮಲಗಿದಾಗ ಬಾಗು ಸಡಿಲಗೊಂಡು ಕೋನ ಕಡಿಮೆ ತೋರುತ್ತದೆ. ಸ್ಕೋಲಿಯೋಸಿಸ್ ಅಳೆಯಲು ನಿಂತೇ ತೆಗೆಯಬೇಕು, ಕುತ್ತಿಗೆಯಿಂದ ಸೊಂಟದ ಮೂಳೆಯವರೆಗೆ ಒಂದೇ ಚಿತ್ರದಲ್ಲಿ ಬರಬೇಕು. ಸಣ್ಣ ಊರಿನ ಸೆಂಟರುಗಳಲ್ಲಿ ಅಷ್ಟುದ್ದದ ವ್ಯವಸ್ಥೆ ಇಲ್ಲದೆ ಎದೆಯದೊಂದು, ಸೊಂಟದ್ದೊಂದು ಎಂದು ಮಲಗಿಸಿ ತೆಗೆದುಕೊಟ್ಟರೆ ಹೋಲಿಕೆಗೆ ಅವು ಹೆಚ್ಚು ಪ್ರಯೋಜನಕ್ಕೆ ಬಾರವು. ಅಲ್ಲಿ ಮೂರು ಸಲ ತೆಗೆಸುವ ಬದಲು ಜಿಲ್ಲಾ ಕೇಂದ್ರಕ್ಕೋ ಮೆಡಿಕಲ್ ಕಾಲೇಜಿಗೋ ಹೋಗಿ ಒಂದೇ ಸಲ ಸರಿಯಾಗಿ ತೆಗೆಸುವುದು ಮಗುವಿಗೂ ಜೇಬಿಗೂ ಲೇಸು. ಹೊತ್ತು ಕೂಡ ಲೆಕ್ಕಕ್ಕೆ ಬರುತ್ತದೆ: ಬೆಳಿಗ್ಗೆಗಿಂತ ಮಧ್ಯಾಹ್ನದ ಮೇಲೆ ಕೋನ ಸರಾಸರಿ 5 ಡಿಗ್ರಿಯಷ್ಟು ಹೆಚ್ಚು ಕಂಡುಬಂದದ್ದನ್ನು 1993ರ ಒಂದು ಅಧ್ಯಯನ ತೋರಿಸಿತು. ಹೋದ ಸಲ ಬೆಳಿಗ್ಗೆ ಹತ್ತಕ್ಕೆ ತೆಗೆಸಿದ್ದರೆ ಈ ಸಲವೂ ಅದೇ ಹೊತ್ತಿಗೆ ಹೋಗಿ. ಚಪ್ಪಲಿ ಬಿಟ್ಟು, ಎರಡೂ ಕಾಲಿಗೆ ಸಮಭಾರ ಹಾಕಿ ನಿಲ್ಲಬೇಕು. ಬಾಗು ಹೆಚ್ಚದಂತೆ ತಡೆಯುವ ಬೆಲ್ಟ್ (ಪ್ಲಾಸ್ಟಿಕ್ ಕವಚ) ಹಾಕಿಕೊಳ್ಳುವ ಮಗುವಾದರೆ ಹಾಕಿಕೊಂಡು ತೆಗೆಯಬೇಕೋ ಬಿಚ್ಚಿಯೋ, ಬಿಚ್ಚುವುದಾದರೆ ಎಷ್ಟು ಗಂಟೆ ಮೊದಲು ಎಂದು ವೈದ್ಯರಿಂದ ಚೀಟಿಯಲ್ಲೇ ಬರೆಸಿಕೊಳ್ಳಿ.

ವಾಟ್ಸ್ಆ್ಯಪ್‌ನಲ್ಲಿ ಫಿಲ್ಮಿನ ಫೋಟೋ ಕಳಿಸಿ ಎರಡನೇ ಅಭಿಪ್ರಾಯ ಕೇಳುವುದು ಈಗ ರೂಢಿ. ಕಿಟಕಿಗೆ ಹಿಡಿದು ಓರೆಯಾಗಿ ತೆಗೆದ ಫೋಟೋದಲ್ಲಿ ಕೋನವೂ ಓರೆಯಾಗುತ್ತದೆ. ಸೆಂಟರಿನವರಿಂದ ಸಿಡಿ ಅಥವಾ ಮೂಲ ಫೈಲನ್ನೇ ಕೇಳಿ ಪಡೆಯಿರಿ.

ಅಂಕಿಗಿಂತ ಮುಖ್ಯ, ಬೆಳವಣಿಗೆ

ಇಪ್ಪತ್ತೈದು ಡಿಗ್ರಿ ಹನ್ನೊಂದು ವರ್ಷದ ಹುಡುಗಿಗೆ ಒಂದು ಅರ್ಥ, ಹದಿನೇಳರ ಹುಡುಗಿಗೆ ಬೇರೆಯೇ ಅರ್ಥ. ಎತ್ತರ ಬೆಳೆಯುವಾಗ ಬಾಗೂ ಬೆಳೆಯುತ್ತದೆ. ಹುಡುಗಿಯರಲ್ಲಿ ಎತ್ತರ ಭರದಿಂದ ಏರುವುದು ಮೊದಲ ಮುಟ್ಟಿಗೆ ಮುಂಚಿನ ತಿಂಗಳುಗಳಲ್ಲಿ. ಆಮೇಲೂ ಸುಮಾರು ಎರಡು ವರ್ಷ ನಿಧಾನವಾಗಿ ಬೆಳೆಯುತ್ತಾರೆ. ಮೈನೆರೆದದ್ದು ಯಾವಾಗ ಎಂದು ವೈದ್ಯರು ಕೇಳಿದರೆ ಸಂಕೋಚ ಬೇಡ, ತಿಂಗಳು ಸಮೇತ ಹೇಳಿ. ಎಕ್ಸ್‌ರೇಯಲ್ಲಿ ಸೊಂಟದ ಮೂಳೆಯ ಮೇಲಂಚು ಎಷ್ಟು ಗಟ್ಟಿಯಾಗಿದೆ ಎಂಬುದನ್ನು ಸೊನ್ನೆಯಿಂದ ಐದರವರೆಗೆ ‘ರಿಸ್ಸರ್’ ಅಂಕದಲ್ಲಿ ಬರೆಯುತ್ತಾರೆ. ಸೊನ್ನೆ ಎಂದರೆ ಬೆಳವಣಿಗೆ ಇನ್ನೂ ಬಹಳ ಬಾಕಿ, ಐದು ಎಂದರೆ ಮುಗಿಯಿತು. ಇದರ ಬೆಲೆ ಎಷ್ಟು ಎಂಬುದನ್ನು ಲಾನ್‌ಸ್ಟೈನ್ ಮತ್ತು ಕಾರ್ಲ್‌ಸನ್ 1984ರಲ್ಲಿ ಪ್ರಕಟಿಸಿದ ಲೆಕ್ಕ ಹೇಳುತ್ತದೆ. 20ರಿಂದ 29 ಡಿಗ್ರಿ ಬಾಗಿದ್ದ ಮಕ್ಕಳಲ್ಲಿ ರಿಸ್ಸರ್ ಸೊನ್ನೆ ಅಥವಾ ಒಂದಿದ್ದವರ ಪೈಕಿ ಶೇ 68 ಮಂದಿಗೆ ಬಾಗು ಹೆಚ್ಚಿತು. ಎರಡರಿಂದ ನಾಲ್ಕಿದ್ದವರಲ್ಲಿ ಶೇ 23 ಮಂದಿಗೆ ಮಾತ್ರ. ಡಿಗ್ರಿ ಒಂದೇ, ಭವಿಷ್ಯ ಬೇರೆ.

ಸ್ಥೂಲವಾಗಿ ವೈದ್ಯರು ನಡೆಯುವ ದಾರಿ ಹೀಗೆ. ಬೆಳೆಯುವ ಮಗುವಿಗೆ 25ರೊಳಗಿದ್ದರೆ ನಾಲ್ಕರಿಂದ ಆರು ತಿಂಗಳಿಗೊಮ್ಮೆ ನೋಡುತ್ತಾರೆ. 25ರಿಂದ 40–45ರವರೆಗೆ ಬೆಲ್ಟ್. ಆಮೇಲೆ, 45–50 ಮುಟ್ಟಿದಾಗ, ಆಪರೇಷನ್ನಿನ ಮಾತು ಬರುತ್ತದೆ. ಬೆಳವಣಿಗೆ ಮುಗಿದಾಗ 30ರೊಳಗಿದ್ದ ಬಾಗು ಮುಂದೆ ಹೆಚ್ಚುವುದು ಅಪರೂಪ, 50 ದಾಟಿದ್ದು ದೊಡ್ಡವರಾದ ಮೇಲೂ ವರ್ಷಕ್ಕೆ ಸುಮಾರು ಒಂದು ಡಿಗ್ರಿಯಂತೆ ಸರಿಯುತ್ತಾ ಹೋಗಬಹುದು. ಐವತ್ತು ಎಂಬ ಗಡಿಗೆ ಇಷ್ಟು ಮಹತ್ವ ಬಂದದ್ದು ಇದರಿಂದಲೇ.

ಬೆಲ್ಟ್ ಉಪಯೋಗವಿಲ್ಲ ಎಂಬ ಮಾತು ಈಗಲೂ ಕೇಳಿಬರುತ್ತದೆ. 2013ರಲ್ಲಿ ಅಮೆರಿಕ ಮತ್ತು ಕೆನಡಾದ ವೈದ್ಯರು ಪ್ರಕಟಿಸಿದ ಪ್ರಯೋಗದಲ್ಲಿ, 20ರಿಂದ 40 ಡಿಗ್ರಿ ಬಾಗಿದ್ದ ಮಕ್ಕಳ ಪೈಕಿ ಬೆಲ್ಟ್ ಹಾಕಿದವರಲ್ಲಿ ಶೇ 72 ಮಂದಿ 50 ಮುಟ್ಟದೆ ಬೆಳವಣಿಗೆ ಮುಗಿಸಿದರು, ಹಾಕದೆ ಕಾದು ನೋಡಿದವರಲ್ಲಿ ಶೇ 48. ಬೆಲ್ಟಿನೊಳಗೆ ಮೈಬಿಸಿ ದಾಖಲಿಸುವ ಪುಟ್ಟ ಸಾಧನ ಇಟ್ಟಿದ್ದರಿಂದ ಮಕ್ಕಳು ನಿಜವಾಗಿ ಎಷ್ಟು ಹೊತ್ತು ಹಾಕಿದ್ದರು ಎಂಬುದೂ ಸಿಕ್ಕಿತು: ದಿನಕ್ಕೆ 13 ಗಂಟೆಯ ಆಸುಪಾಸು ಅಥವಾ ಹೆಚ್ಚು ಹಾಕಿದವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಗೆದ್ದರು. ವೈದ್ಯರು ಹೇಳುವುದು ಸಾಮಾನ್ಯವಾಗಿ 18 ಗಂಟೆ ಅಥವಾ ಅದಕ್ಕೂ ಮೇಲೆ. ರಾಯಚೂರಿನ ಏಪ್ರಿಲ್ ತಿಂಗಳಲ್ಲಿ ಪ್ಲಾಸ್ಟಿಕ್ ಕವಚದೊಳಗೆ ಅಷ್ಟು ಹೊತ್ತು ಇರುವುದು ಎಂಥ ಹಿಂಸೆಯೆಂದು ಹವಾನಿಯಂತ್ರಿತ ಕೋಣೆಯಲ್ಲಿ ಕೂತವರಿಗೆ ತಿಳಿಯಲಿಕ್ಕಿಲ್ಲ. ಒಳಗೆ ಹೊಲಿಗೆಯಿಲ್ಲದ ಹತ್ತಿ ಬನಿಯನ್, ದಿನಕ್ಕೆರಡು ಸಲ ಬದಲಾವಣೆ, ಇಷ್ಟಾದರೂ ಮಾಡಿ. ಶಾಲೆಯಲ್ಲಿ ಗೆಳತಿಯರ ಕಣ್ಣಿಗೆ ಬೀಳುವುದೇ ಸಮಸ್ಯೆಯಾದರೆ ಸಂಜೆ ಐದರಿಂದ ಬೆಳಿಗ್ಗೆ ಎಂಟರವರೆಗೆ ಹಾಕಿದರೂ ಹದಿನೈದು ಗಂಟೆಯಾಗುತ್ತದೆ. ಹಾಗೆ ಹೊಂದಿಸಬಹುದೇ ಎಂದು ವೈದ್ಯರನ್ನು ಕೇಳಿ. ಮೂಲೆಗೆ ಬಿಸಾಡಿದ ಬೆಲ್ಟಿಗಿಂತ ಹದಿನೈದು ಗಂಟೆ ಹಾಕಿದ ಬೆಲ್ಟ್ ಮೇಲು.

ಯೋಗದಿಂದ ಬಾಗು ನೆಟ್ಟಗಾಗುತ್ತದೆಯೇ ಎಂಬ ಪ್ರಶ್ನೆ ನಮ್ಮಲ್ಲಿ ಬಂದೇ ಬರುತ್ತದೆ. ಬೆನ್ನಿನ ಸ್ನಾಯು ಬಲವಾಗುತ್ತದೆ, ಉಸಿರಾಟ ಸುಧಾರಿಸುತ್ತದೆ, ಮಾಡಲಿ. ಬೆಲ್ಟ್ ಬೇಕಾದ ಮಗುವಿಗೆ ಬೆಲ್ಟಿನ ಬದಲು ಆಸನ ಎಂದು ಆರು ತಿಂಗಳು ಕಳೆಯುವುದು ಮಾತ್ರ ಬೇಡ, ಏಕೆಂದರೆ ಆ ಆರು ತಿಂಗಳೇ ಬೆಳವಣಿಗೆಯ ತಿಂಗಳುಗಳು.

ಎಷ್ಟು ಸಲ ಎಕ್ಸ್‌ರೇ?

1912ರಿಂದ 1965ರವರೆಗೆ ಅಮೆರಿಕದಲ್ಲಿ ಸ್ಕೋಲಿಯೋಸಿಸ್ಸಿಗೆಂದು ಪದೇ ಪದೇ ಎಕ್ಸ್‌ರೇ ತೆಗೆಸಿಕೊಂಡ ಐದು ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು, ಸರಾಸರಿ ಒಬ್ಬೊಬ್ಬರಿಗೆ ಇಪ್ಪತ್ತೈದರಷ್ಟು ಎಕ್ಸ್‌ರೇ ಆದವರನ್ನು, ಸಂಶೋಧಕರು ಮುಂದೆ ಹಿಂಬಾಲಿಸಿದರು. ಸ್ತನ ಕ್ಯಾನ್ಸರಿನ ಸಾವು ನಿರೀಕ್ಷೆಗಿಂತ ಸುಮಾರು ಶೇ 70ರಷ್ಟು ಹೆಚ್ಚಿತ್ತು. ಆ ಕಾಲದ ಯಂತ್ರಗಳ ವಿಕಿರಣ ಇಂದಿನದಕ್ಕಿಂತ ಎಷ್ಟೋ ಪಾಲು ಜಾಸ್ತಿ, ಹಾಗಾಗಿ ಹೆದರಿ ಎಕ್ಸ್‌ರೇಯನ್ನೇ ನಿಲ್ಲಿಸಬೇಕಿಲ್ಲ. ಕಿರಣ ಬೆನ್ನಿನ ಕಡೆಯಿಂದ ಹೊಕ್ಕು ಎದೆಯ ಕಡೆಗೆ ಬರುವಂತೆ ನಿಲ್ಲಿಸಿದರೆ ಎದೆಗೆ ಮತ್ತು ಥೈರಾಯ್ಡಿಗೆ ಬೀಳುವ ಪ್ರಮಾಣ ಬಹಳ ಇಳಿಯುತ್ತದೆ. ಚೀಟಿಯಲ್ಲಿ ‘ಪಿಎ’ ಎಂದು ಬರೆದಿದೆಯೇ ನೋಡಿ. ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ಕಡಿಮೆ ವಿಕಿರಣದ ‘ಇಒಎಸ್’ ಯಂತ್ರವಿರುತ್ತದೆ. ಫ್ರಾನ್ಸಿನ ಜಾರ್ಜ್ ಶಾರ್ಪಾಕ್ ಕಣಭೌತಶಾಸ್ತ್ರಕ್ಕೆಂದು ಮಾಡಿ 1992ರ ನೊಬೆಲ್ ಗಳಿಸಿದ ಶೋಧಕವೇ ಅದರ ಮೂಲ. ಎರಡು ಎಕ್ಸ್‌ರೇಗಳ ನಡುವಿನ ತಿಂಗಳುಗಳಲ್ಲಿ ಸ್ಕೋಲಿಯೋಮೀಟರಿನ ಅಂಕಿ ಮತ್ತು ಎತ್ತರ, ಇವೆರಡನ್ನು ಮನೆಯಲ್ಲೇ ನೋಡಿಕೊಂಡರೆ ಸುಮ್ಮನೆ ತೆಗೆಸುವ ಎಕ್ಸ್‌ರೇ ತಪ್ಪುತ್ತದೆ.

ಹಸುಳೆಗಳ ಮತ್ತು ಹಿರಿಯರ ಲೆಕ್ಕ ಬೇರೆ. ಮೂರು ವರ್ಷದೊಳಗಿನ ಮಕ್ಕಳ ಬಾಗು ಎಷ್ಟೋ ಸಲ ತಾನೇ ಸರಿಹೋಗುತ್ತದೆ. ಸರಿಹೋಗುವುದು ಯಾವುದು, ಬೆಳೆಯುವುದು ಯಾವುದು ಎಂದು ಪಕ್ಕೆಲುಬು ಮಣಿಗೆ ಕೂಡುವ ಕೋನದಿಂದ ಊಹಿಸುವ ಕ್ರಮವನ್ನು ಡಾ. ಮಿನ್ ಮೆಹ್ತಾ 1972ರಲ್ಲಿ ತೋರಿಸಿಕೊಟ್ಟರು. ಎರಡು ಕಡೆಯ ಕೋನಗಳ ಅಂತರ 20 ಡಿಗ್ರಿ ಮೀರಿದರೆ ಬೆಳೆಯುವ ಸಂಭವ ಹೆಚ್ಚು. ಅರವತ್ತರ ನಂತರ ಸವೆತದಿಂದ ಬರುವ ಬಾಗಿನಲ್ಲಿ ಡಿಗ್ರಿಗಿಂತ ನೋವು, ನಡಿಗೆ, ಮುಂದಕ್ಕೆ ಎಷ್ಟು ಬಾಗಿದ್ದಾರೆ ಎಂಬುದೇ ಹೆಚ್ಚು ಮುಖ್ಯ.

ಹೆಣ್ಣುಮಗುವಾದರೆ ಮದುವೆ, ಬಸಿರು ಎಂದು ಹಿರಿಯರು ಪಿಸುಗುಡುತ್ತಾರೆ, ಕೆಲವರು ಫಿಲ್ಮನ್ನೇ ಅಡಗಿಸಿಡುತ್ತಾರೆ. ಕಾರಣ ತಿಳಿಯದ ಈ ಬಗೆಯ ಸ್ಕೋಲಿಯೋಸಿಸ್ ಇರುವ ಬಹುಪಾಲು ಹೆಂಗಸರು ಎಲ್ಲರಂತೆ ಬಸಿರಾಗಿ ಹೆರುತ್ತಾರೆ. ಉಸಿರಾಟಕ್ಕೆ ಗಂಭೀರ ತೊಂದರೆ ಬರುವುದು ಎದೆಭಾಗದ ಬಾಗು 70–80 ದಾಟಿದಾಗ. ನೂರು ಮೀಟರ್ ಓಟದ ವಿಶ್ವದಾಖಲೆಯ ಉಸೇನ್ ಬೋಲ್ಟ್‌ಗೂ ಸ್ಕೋಲಿಯೋಸಿಸ್ ಇದೆ.

ಇಂದೇ ಒಂದು ಫೈಲು ಮಾಡಿ. ಮೊದಲ ಎಕ್ಸ್‌ರೇಯಿಂದ ಹಿಡಿದು ಎಲ್ಲ ಫಿಲ್ಮು, ಸಿಡಿ ಅದರಲ್ಲಿರಲಿ. ಪ್ರತಿ ಎಕ್ಸ್‌ರೇಯ ದಿನಾಂಕ, ಹೊತ್ತು, ಯಾವ ಮಣಿಯಿಂದ ಯಾವ ಮಣಿಗೆ ಅಳೆದದ್ದು, ಎಷ್ಟು ಡಿಗ್ರಿ, ರಿಸ್ಸರ್ ಎಷ್ಟು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಮೂರು ತಿಂಗಳಿಗೊಮ್ಮೆ ಗೋಡೆಗೆ ನಿಲ್ಲಿಸಿ ಅಳೆದ ಎತ್ತರವನ್ನೂ ಸೇರಿಸಿ. ವೈದ್ಯರನ್ನು ಬದಲಿಸಿದಾಗ ಹಳೆಯ ಮತ್ತು ಹೊಸ ಫಿಲ್ಮು ಎರಡನ್ನೂ ಅವರೇ, ಅವೇ ಮಣಿಗಳಿಂದ, ಒಟ್ಟಿಗೆ ಅಳೆಯುವಂತೆ ಕೇಳಿಕೊಳ್ಳಿ. ಹಳೆಯ ಚೀಟಿಯ ಅಂಕಿಯನ್ನು ಹೊಸ ಚೀಟಿಯ ಅಂಕಿಗೆ ಹೋಲಿಸಿ ಆಪರೇಷನ್ನಿಗೆ ಒಪ್ಪಬೇಡಿ, ಅದೇ ಕಾರಣಕ್ಕೆ ಬೆಲ್ಟನ್ನೂ ಬಿಡಿಸಬೇಡಿ.